ಮೈಸೂರು, ಪ್ರಶಸ್ತಿ: 0

ಕಳೆದ ತಿಂಗಳು ಅನುವಾದಕ್ಕೆಂದು ಒಂದು ಎಕ್ಸೆಲ್ ಹಾಳೆ ಬಂತು. ಕ್ರಿಕೆಟ್ ಅಂಕಿಅಂಶಗಳ ಆ್ಯಪ್ ಒಂದನ್ನು ಕನ್ನಡಕ್ಕೆ ತರುವ ಕೆಲಸ. ಇಂಥ ಕೆಲಸದಲ್ಲಿ ಭಾಷೆಗಿಂತ ತಾಳ್ಮೆ ಹೆಚ್ಚು ಬೇಕು. ಸಾವಿರಾರು ಸಾಲುಗಳು, ಒಂದೊಂದು ಸಾಲಿನಲ್ಲಿ ಒಂದೋ ಎರಡೋ ಪದ. ಒಂದು ರಾತ್ರಿ ರಣಜಿ ತಂಡಗಳ ಪಟ್ಟಿಗೆ ಬಂದೆ. ‘ಮೈಸೂರು, 1934–35ರಿಂದ 1972–73, ಪ್ರಶಸ್ತಿ: 0.’ ಅದರ ಕೆಳಗಿನ ಸಾಲು: ‘ಕರ್ನಾಟಕ, 1973–74ರಿಂದ, ಪ್ರಶಸ್ತಿ: 8.’ ಪಕ್ಕದ ಚೌಕದಲ್ಲಿ ಕೆಲಸ ಕೊಟ್ಟವರ ಪ್ರಶ್ನೆ ಇತ್ತು: ಇವೆರಡೂ ಒಂದೇ ತಂಡವೇ? ಹೌದು ಅಥವಾ ಅಲ್ಲ ಎಂದು ತುಂಬಿ.

ಒಂದು ನಿಮಿಷದ ಕೆಲಸ ಅಂದುಕೊಂಡೆ. ಒಂದು ವಾರ ಹಿಡಿಯಿತು. ಆ ವಾರದಲ್ಲಿ ಹಳೆಯ ಪಂದ್ಯಗಳ ಸ್ಕೋರುಪಟ್ಟಿಗಳನ್ನು ಓದುತ್ತ ಕೂತೆ. ಅದರಲ್ಲೂ ಮುಖ್ಯವಾಗಿ ಮೂರು: 1934ರದ್ದು, 1946ರದ್ದು, 1974ರದ್ದು. ಮೊದಲೆರಡರಲ್ಲಿ ನಮ್ಮವರು ಹೀನಾಯವಾಗಿ ಸೋತಿದ್ದಾರೆ. ಆ ಸೊನ್ನೆಯೊಳಗೆ ಏನಿದೆ ಎಂದು ನೋಡಲು ಅವೇ ಬೇಕು.

ಅದಕ್ಕೂ ಮೊದಲು ಸ್ಕೋರುಪಟ್ಟಿ ಎಂಬ ಈ ಬರವಣಿಗೆಯ ಬಗ್ಗೆ ಎರಡು ಮಾತು. ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಅದಕ್ಕೆ ತನ್ನದೇ ವ್ಯಾಕರಣವಿದೆ. ‘ಸಿ ಕಿರ್ಮಾನಿ ಬಿ ಚಂದ್ರಶೇಖರ್’ ಎಂಬ ಸಾಲನ್ನು ತೆಗೆದುಕೊಳ್ಳಿ. ಆ ‘ಸಿ’, ಆ ‘ಬಿ’ ಕನ್ನಡದ ಪದಗಳಲ್ಲ, ಆದರೂ ಕ್ರಿಕೆಟ್ ಗೊತ್ತಿದ್ದ ಯಾರೂ ಅರ್ಥ ಕೇಳುವುದಿಲ್ಲ. ಕ್ರಿಯಾಪದ ಕೊನೆಗೆ ಬಂದೇ ಬರಬೇಕು ಎನ್ನುವ ಭಾಷೆ ಇಲ್ಲಿ ಕ್ರಿಯಾಪದವೇ ಇಲ್ಲದೆ ಸುಮ್ಮನಿದೆ. ಆದರೆ ‘ನಾಟ್ ಔಟ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ಬಳಸುವ ‘ಔಟಾಗದೆ’ ನೋಡಿ, ಅದು ಅಪ್ಪಟ ಕನ್ನಡದ ಕಟ್ಟಡ. ಹೇಳದೆ, ಕೇಳದೆ, ಔಟಾಗದೆ. ಕೇಳಿದವರಿಗೆ ಮಾತು ಇನ್ನೂ ಮುಗಿದಿಲ್ಲ ಅನಿಸುತ್ತದೆ. ಔಟಾಗದೆ ಏನು ಮಾಡಿದ? ಉಳಿದ, ಅಷ್ಟೆ. ಹಾಗೆಯೇ ‘ಇತರೆ’. ಯಾರ ಬ್ಯಾಟಿನಿಂದಲೂ ಬಾರದ ರನ್ನುಗಳಿಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯಲಿಲ್ಲ. ಹಾಳೆಯಲ್ಲಿ ಹಾಗೇ ಬಿಟ್ಟೆ.

‘ರನ್ ಔಟ್’ ಮಾತ್ರ ಕರ್ತೃವೇ ಇಲ್ಲದ ಸಾಲು. ಚೆಂಡು ಎಸೆದವರು ಯಾರು, ಓಡು ಎಂದು ಕೂಗಿದವರು ಯಾರು, ತಪ್ಪು ಯಾರದು, ಯಾವುದಕ್ಕೂ ಹಳೆಯ ಪಟ್ಟಿಯಲ್ಲಿ ಜಾಗವಿಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ 1934ಕ್ಕೆ ಬರೋಣ. ನವೆಂಬರ್ 4, ಭಾನುವಾರ, ಮದ್ರಾಸಿನ ಚೆಪಾಕ್ ಮೈದಾನ. ಮದ್ರಾಸ್ ಮತ್ತು ಮೈಸೂರು ನಡುವೆ ಭಾರತದ ಕ್ರಿಕೆಟ್ ಚಾಂಪಿಯನ್‌ಷಿಪ್ಪಿನ ಮೊಟ್ಟಮೊದಲ ಪಂದ್ಯ. ಹಿಂದಿನ ವರ್ಷ ತೀರಿಕೊಂಡಿದ್ದ ರಣಜಿತ್‌ಸಿಂಹಜಿ ಹೆಸರಿನ ಟ್ರೋಫಿಯನ್ನು ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಕೊಟ್ಟಿದ್ದರು. ಮೈಸೂರಿನ ಕ್ರಿಕೆಟ್ ಸಂಸ್ಥೆ ಹುಟ್ಟಿ ಆಗಿನ್ನೂ ಒಂದು ವರ್ಷ. ಎಂ.ಜೆ. ಗೋಪಾಲನ್ ಎಸೆದ ಮೊದಲ ಚೆಂಡನ್ನು ಎದುರಿಸಿದ್ದು ಮೈಸೂರಿನ ಎನ್. ಕರ್ಟಿಸ್. ರಣಜಿ ಚರಿತ್ರೆಯ ಮೊದಲ ಎಸೆತ ಎದುರಿಸಿದವರಿಗೆ ಪಟ್ಟಿ ಕೊಟ್ಟಿದ್ದು ಒಂದು ಇನಿಷಿಯಲ್ಲು, ಒಂದು ಮನೆತನದ ಹೆಸರು.

ಮೈಸೂರು 48ಕ್ಕೆ ಆಲೌಟ್. ಮದ್ರಾಸ್ 130. ಮತ್ತೆ ಮೈಸೂರು 59ಕ್ಕೆ ಆಲೌಟ್. ಒಂದು ಇನಿಂಗ್ಸ್ ಮತ್ತು 23 ರನ್‌ಗಳ ಸೋಲು. ಎ.ಜಿ. ರಾಮ್ ಸಿಂಗ್ ತಮ್ಮ ಎಡಗೈ ಸ್ಪಿನ್ನಿನಿಂದ 19ಕ್ಕೆ 6, ಆಮೇಲೆ 16ಕ್ಕೆ 5 ವಿಕೆಟ್ ಪಡೆದರು, ಒಟ್ಟು 35 ರನ್ನಿಗೆ 11. ಬೆಳಗ್ಗೆ ಶುರುವಾದ ಪಂದ್ಯ ಅದೇ ದಿನ ಮುಗಿದುಹೋಯಿತು.

ಕರ್ನಾಟಕ ಕ್ರಿಕೆಟ್ಟಿನ ಅಂಕಿಅಂಶ ಶುರುವಾಗುವುದೇ ಇಲ್ಲಿಂದ. ಯಾರಾದರೂ ಇದನ್ನು ಹೇಳುವಾಗ ಧ್ವನಿಯಲ್ಲಿ ಸ್ವಲ್ಪ ನಾಚಿಕೆ ಇರುತ್ತದೆ, ಅಥವಾ ‘ಅಂಥ ತಂಡ ನೋಡಿ ಎಲ್ಲಿಗೆ ಬಂತು’ ಎಂಬ ಹೆಮ್ಮೆಗೆ ಇದು ಮೆಟ್ಟಿಲಾಗುತ್ತದೆ. ಎರಡೂ ನನಗೆ ಹಿಡಿಸುವುದಿಲ್ಲ. ಪಟ್ಟಿಯನ್ನೇ ಇನ್ನೊಮ್ಮೆ ಓದೋಣ. ಮೂರು ಇನಿಂಗ್ಸ್ ಸೇರಿ 237 ರನ್, 30 ವಿಕೆಟ್. ಒಂದು ವಿಕೆಟ್ಟಿಗೆ ಎಂಟು ರನ್ ಕೂಡ ಬೀಳುವುದಿಲ್ಲ. ಅಂದರೆ ಅವತ್ತು ಆ ಪಿಚ್ಚಿನ ಮೇಲೆ ಬ್ಯಾಟ್ ಹಿಡಿದು ನಿಲ್ಲುವುದು ಎರಡೂ ತಂಡಕ್ಕೆ ಕಷ್ಟವಾಗಿತ್ತು, ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಮದ್ರಾಸಿನ ಇನಿಂಗ್ಸಿನ ಕೆಳಗೆ ಬೌಲಿಂಗ್ ಸಾಲಿನಲ್ಲಿ ಇನ್ನೊಂದು ಅಂಕಿ ಇದೆ: ಎಂ.ಜಿ. ವಿಜಯಸಾರಥಿ, 23 ರನ್ನಿಗೆ 6 ವಿಕೆಟ್. ಎದುರಾಳಿ 130 ಗಳಿಸಿದ ಇನಿಂಗ್ಸಿನಲ್ಲಿ ಒಬ್ಬ ಮೈಸೂರಿನವರು ಬರೀ 23 ರನ್ ಕೊಟ್ಟು ಅರ್ಧಕ್ಕಿಂತ ಹೆಚ್ಚು ತಂಡವನ್ನು ಮನೆಗೆ ಕಳಿಸಿದ್ದಾರೆ. ರಾಮ್ ಸಿಂಗ್ ಅವರ 11 ವಿಕೆಟ್ಟಿನ ನೆರಳಿನಲ್ಲಿ ಈ ಆರು ಕಾಣುವುದೇ ಇಲ್ಲ.

ವಿಜಯಸಾರಥಿ ಮುಂದೆ ಟೆಸ್ಟ್ ಅಂಪೈರ್ ಆದರು. ಮಗ ಎಂ.ವಿ. ನಾಗೇಂದ್ರ ಕೂಡ ಟೆಸ್ಟ್ ಅಂಪೈರ್. ರಾಮ್ ಸಿಂಗ್‌ಗೆ ಒಂದು ಟೆಸ್ಟ್ ಆಡುವ ಅವಕಾಶವೂ ಸಿಗಲಿಲ್ಲ, ಅವರ ಮಕ್ಕಳಾದ ಕೃಪಾಲ್ ಸಿಂಗ್, ಮಿಲ್ಖಾ ಸಿಂಗ್ ಭಾರತಕ್ಕೆ ಆಡಿದರು. ಮೊದಲ ಚೆಂಡೆಸೆದ ಗೋಪಾಲನ್ ಹಾಕಿಯಲ್ಲೂ ಭಾರತ ತಂಡದಲ್ಲಿದ್ದವರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನ ಹಾಕಿಯನ್ನು ಬಿಟ್ಟು ಕ್ರಿಕೆಟ್ ತಂಡದ ಜೊತೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರಿಗೆ ಟೆಸ್ಟ್ ಸಿಗಲಿಲ್ಲ, ಇಲ್ಲಿ ಹಾಕಿ ತಂಡ ಚಿನ್ನ ಗೆದ್ದು ಬಂತು. ಇಷ್ಟೂ ಬದುಕು ಆ ಒಂದು ದಿನದ ಪಟ್ಟಿಯ ಸುತ್ತ ಇದೆ. ಪಟ್ಟಿಯ ಒಳಗೆ ಇರುವುದು ಹೆಸರು ಮತ್ತು ಅಂಕಿ.

ಹಾಗೆಂದು ಪಟ್ಟಿಯನ್ನು ಬೈಯುವಂತಿಲ್ಲ. ಅದು ಹುಟ್ಟಿದ್ದೇ ಉಳಿದದ್ದನ್ನು ಬಿಟ್ಟುಬಿಡುವುದಕ್ಕೆ. ಇಂಗ್ಲೆಂಡಿನಲ್ಲಿ ಮೊದಮೊದಲು ರನ್ ಲೆಕ್ಕ ಇಡುತ್ತಿದ್ದುದು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕಿ. ರನ್ನಿಗೆ ಆಗ ‘ಕಚ್ಚು’ ಎಂದೇ ಹೆಸರಿತ್ತು. ನಮ್ಮಲ್ಲಿ ಹಾಲಿನವರು ಗೋಡೆಯ ಮೇಲೆ ಸುಣ್ಣದ ಗೀಟು ಎಳೆದು ಲೆಕ್ಕ ಇಡುತ್ತಿದ್ದರಲ್ಲ, ಅದೇ ಬುದ್ಧಿ. ಯಾರು ಹೊಡೆದರು, ಹೇಗೆ ಹೊಡೆದರು ಎಂಬುದು ಕೋಲಿಗೆ ಬೇಡ. ಆಮೇಲೆ ಹೆಸರು ಬಂತು, ಔಟಾದ ಬಗೆ ಬಂತು, ಅಚ್ಚಾದ ಪಟ್ಟಿ ಬಂತು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಹೆನ್ರಿ ಚಾಡ್ವಿಕ್ ಅಲ್ಲಿ ಕ್ರಿಕೆಟ್ ವರದಿಗಾರರಾಗಿದ್ದರು. ಬೇಸ್‌ಬಾಲ್ ನೋಡಿ ಅದಕ್ಕೆ ಮನಸೋತು, 1859ರಲ್ಲಿ ಕ್ರಿಕೆಟ್ ಪಟ್ಟಿಯ ಮಾದರಿಯಲ್ಲೇ ಬೇಸ್‌ಬಾಲ್‌ಗೆ ಒಂದು ಪಟ್ಟಿ ಕಟ್ಟಿಕೊಟ್ಟರು. ಅಮೆರಿಕದವರ ಅಂಕಿಅಂಶದ ಹುಚ್ಚಿಗೆ ಬೀಜ ಅದೇ. ಅಲ್ಲಿ 1989ರಲ್ಲಿ ರೆಟ್ರೋಶೀಟ್ ಎಂಬ ಸ್ವಯಂಸೇವಕರ ಗುಂಪು ಶುರುವಾಯಿತು. ಹಳೆಯ ಪತ್ರಿಕೆ, ಹಳೆಯ ಸ್ಕೋರ್‌ಪುಸ್ತಕ ಹುಡುಕಿ, ಯಾವತ್ತೋ ಮುಗಿದ ಪಂದ್ಯವನ್ನು ಒಂದೊಂದೇ ಆಟವಾಗಿ ಮತ್ತೆ ಬರೆಯುವುದು ಅವರ ಕೆಲಸ. ನಮ್ಮಲ್ಲಿ ಅಂಥ ಶ್ರಮ ಬಹುಮಟ್ಟಿಗೆ ಒಬ್ಬೊಬ್ಬರದೇ. ಮುಂಬೈನ ಆನಂದಜಿ ಡೋಸಾ, ಬೆಂಗಳೂರಿನ ಚನ್ನಗಿರಿ ಕೇಶವಮೂರ್ತಿ, ಹೀಗೆ ಮನೆಯ ಕಪಾಟಿನಲ್ಲಿ ದೇಶದ ಕ್ರಿಕೆಟ್ಟನ್ನು ಕಾಪಾಡಿದವರು. ನನ್ನ ಎಕ್ಸೆಲ್ ಹಾಳೆಯ ಹಳೆಯ ಸಾಲುಗಳ ಹಿಂದೆ ಇಂಥವರ ಕೈಬರಹ ಇದೆ.

ಇವತ್ತಿನ ಪಟ್ಟಿಗೂ ಅಂದಿನ ಪಟ್ಟಿಗೂ ಇರುವ ದೂರ ನನಗೆ ಮನೆಯಲ್ಲೇ ಕೂತು ಗೊತ್ತಾಯಿತು. ಸಾನಪಾಡಾದಿಂದ ನೆರೂಳ್ ಎರಡೇ ಸ್ಟೇಷನ್, ನಡುವೆ ಜುಯಿನಗರ. 2025ರ ನವೆಂಬರ್ 2ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳಾ ವಿಶ್ವಕಪ್ ಫೈನಲ್ ನಡೆಯಿತು. ಭಾರತ 7 ವಿಕೆಟ್‌ಗೆ 298, ದಕ್ಷಿಣ ಆಫ್ರಿಕ 45.3 ಓವರುಗಳಲ್ಲಿ 246. ದೀಪ್ತಿ ಶರ್ಮಾ 58 ರನ್ ಹೊಡೆದು 39ಕ್ಕೆ 5 ವಿಕೆಟ್ ಪಡೆದರು. ಅದೂ ಭಾನುವಾರ, ಅದೂ ಒಂದೇ ದಿನದ ಆಟ, 1934ರ ಆ ಭಾನುವಾರದಿಂದ 91 ವರ್ಷ ದೂರ. ಆ ರಾತ್ರಿಯ ಪ್ರತಿ ಎಸೆತ ಎಲ್ಲಿ ಬಿತ್ತು, ಎಷ್ಟು ತಿರುಗಿತು, ಬ್ಯಾಟಿಗೆ ತಾಗಿ ಎಲ್ಲಿಗೆ ಹೋಯಿತು, ಎಲ್ಲವೂ ದಾಖಲಾಗಿದೆ. ಇನ್ನು ನೂರು ವರ್ಷ ಬಿಟ್ಟು ಬೇಕೆಂದವರು ಅದನ್ನು ಎಸೆತ ಎಸೆತವಾಗಿ ನೋಡಬಹುದು. ಕರ್ಟಿಸ್ ಎದುರಿಸಿದ ಮೊದಲ ಚೆಂಡನ್ನು ಹಾಗೆ ನೋಡುವ ದಾರಿ ಇಲ್ಲ.

ಎರಡನೆಯ ಪಟ್ಟಿ 1945–46ರ ಋತುವಿನ ಸೆಮಿಫೈನಲ್‌ನದು, ಇಂದೋರಿನಲ್ಲಿ ಹೋಳ್ಕರ್ ವಿರುದ್ಧ. ನಾನು ಹೆಚ್ಚು ಹೊತ್ತು ಕೂತದ್ದು ಇದರ ಮುಂದೆ.

ಹೋಳ್ಕರ್ ತಂಡದ ನಾಯಕ ಸಿ.ಕೆ. ನಾಯ್ಡು, ಆಗ ಅವರಿಗೆ ಐವತ್ತು ವರ್ಷ. ಹೋಳ್ಕರ್ ಮೊದಲ ಇನಿಂಗ್ಸ್: 8 ವಿಕೆಟ್‌ಗೆ 912, ಡಿಕ್ಲೇರ್. ಭಂಡಾರ್ಕರ್ 142, ಸರ್ವಟೆ 101, ಜಗದಾಳೆ 164, ನಾಯ್ಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100. ಒಂದೇ ಇನಿಂಗ್ಸಿನಲ್ಲಿ ಆರು ಶತಕ. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಎಲ್ಲೂ ಅದಕ್ಕೂ ಮೊದಲು ಹಾಗೆ ಆಗಿರಲಿಲ್ಲ. ಆ ಆರು ಜನರ ರನ್ನೇ ಕೂಡಿಸಿದರೆ 780.

ಈಗ ಬೌಲಿಂಗ್ ಸಾಲುಗಳಿಗೆ ಬನ್ನಿ. ಬಿ.ಕೆ. ಗರುಡಾಚಾರ್: 69 ಓವರ್, 301 ರನ್, 4 ವಿಕೆಟ್.

ಮುನ್ನೂರ ಒಂದು. ಹಾಳೆಯಲ್ಲಿ ‘ಒಂದು ಇನಿಂಗ್ಸಿನಲ್ಲಿ ಅತಿ ಹೆಚ್ಚು ರನ್ ಕೊಟ್ಟವರು’ ಎಂಬ ಬೇರೆಯದೇ ಪುಟ ಇತ್ತು, ಅಲ್ಲೂ ಈ ಹೆಸರು ಕಂಡಿತು. ಸಾಮಾನ್ಯವಾಗಿ ಗರುಡಾಚಾರ್ ಹೆಸರು ಬರುವುದೇ ಹಾಗೆ, ಕ್ವಿಜ್ ಪ್ರಶ್ನೆಯಾಗಿ, ಸ್ವಲ್ಪ ನಗೆಯೊಂದಿಗೆ. ಆದರೆ 69 ಓವರ್ ಅಂದರೆ 414 ಎಸೆತ. ಲೆಗ್‌ಸ್ಪಿನ್ ಹಾಕುವವರ ಬೆರಳು, ಮಣಿಕಟ್ಟು, ಭುಜ ನೆನೆಸಿಕೊಳ್ಳಿ. ಆರು ಜನ ನೂರು ಹೊಡೆಯುತ್ತಿರುವಾಗ ನಾಯಕ ಮತ್ತೆ ಮತ್ತೆ ಚೆಂಡು ಕೊಟ್ಟದ್ದು ಇವರ ಕೈಗೆ. ಬಿದ್ದ ಎಂಟು ವಿಕೆಟ್ಟುಗಳಲ್ಲಿ ನಾಲ್ಕು ಇವರವು. ತಂಡದ ಒಟ್ಟು ಸಂಕಟದ ಮೂರನೇ ಒಂದು ಭಾಗವನ್ನು ಒಬ್ಬರೇ ಹೊತ್ತಿದ್ದಾರೆ, ಸಿಕ್ಕ ಫಲದ ಅರ್ಧವನ್ನೂ ಅವರೇ ತಂದಿದ್ದಾರೆ. 301 ಅನ್ನುವುದು ಕೆಟ್ಟ ಬೌಲಿಂಗಿನ ಅಂಕಿ ಅಲ್ಲ, ಚೆಂಡನ್ನು ಕೆಳಗಿಡದವರ ಅಂಕಿ.

ಇಷ್ಟು ಎಸೆದ ಮೇಲೆ ಮೈಸೂರು ಬ್ಯಾಟ್ ಮಾಡಬೇಕು. 190ಕ್ಕೆ ಮೊದಲ ಇನಿಂಗ್ಸ್ ಮುಗಿಯಿತು. ಎರಡನೆಯ ಇನಿಂಗ್ಸಿನಲ್ಲಿ 509. ಅದರಲ್ಲಿ ಗರುಡಾಚಾರ್ 164. ಹೌದು, ಅದೇ ಗರುಡಾಚಾರ್.

ಎರಡೂ ಇನಿಂಗ್ಸ್ ಕೂಡಿಸಿದರೂ 699, ಹೋಳ್ಕರ್‌ಗಿಂತ ಇನ್ನೂ 213 ಕಡಿಮೆ. ಗೆಲ್ಲುವ ಮಾತು ಬಿಡಿ, ಮತ್ತೊಮ್ಮೆ ಅವರನ್ನು ಬ್ಯಾಟಿಂಗಿಗೆ ಕರೆಯುವಷ್ಟೂ ಆಗಲಿಲ್ಲ. ಎಲ್ಲ ಮುಗಿದಿದೆ ಎಂದು ಎಲ್ಲರಿಗೂ ಗೊತ್ತಿದ್ದ ಪಂದ್ಯದಲ್ಲಿ ಐನೂರು ರನ್ ಹೊಡೆಯುವುದು ಏತಕ್ಕೆ?

ಇದಕ್ಕೆ ಉತ್ತರ ಇನ್ನೊಂದು ಪಟ್ಟಿಯ ಪಕ್ಕ ಇಟ್ಟರೆ ಸ್ವಲ್ಪ ಸಿಗುತ್ತದೆ. ಇಂದೋರಿನಲ್ಲಿ 172 ಹೊಡೆದ ಅದೇ ಬಿ.ಬಿ. ನಿಂಬಾಳ್ಕರ್ 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಪರ ಕಾಠಿಯಾವಾಡದ ವಿರುದ್ಧ ಆಡುತ್ತಿದ್ದರು. ಅವರು 443 ರನ್ ಗಳಿಸಿ ಔಟಾಗದೆ ಇದ್ದಾಗ, ತಂಡ 4 ವಿಕೆಟ್‌ಗೆ 826 ತಲುಪಿದ್ದಾಗ, ಕಾಠಿಯಾವಾಡದ ನಾಯಕರಾಗಿದ್ದ ರಾಜಕೋಟೆಯ ದೊರೆ ಇನ್ನು ಆಡುವುದಿಲ್ಲ ಎಂದು ತಂಡ ಕಟ್ಟಿಕೊಂಡು ಹೊರಟೇಹೋದರು. ಆಗ ವಿಶ್ವದಾಖಲೆ ಡಾನ್ ಬ್ರಾಡ್ಮನ್ ಅವರ 452. ಇನ್ನು ಒಂಬತ್ತು ರನ್ ಸಾಕಿತ್ತು ಅದನ್ನು ಸರಿಗಟ್ಟಲು. ಆ ಒಂಬತ್ತು ರನ್ ಯಾವ ಪಟ್ಟಿಯಲ್ಲೂ ಇಲ್ಲ. ಮೈಸೂರಿನವರು 912ರ ಮುಂದೆ ಹಾಗೆ ಹೊರಟುಹೋಗಲಿಲ್ಲ. ಬೌಲ್ ಮಾಡಿದರು, ಆಮೇಲೆ ಬ್ಯಾಟ್ ಮಾಡಿದರು. ಸೋತವರು ಮೈದಾನದಲ್ಲಿ ಉಳಿದದ್ದರಿಂದಲೇ ಗೆದ್ದವರ ದಾಖಲೆಗೆ ಪೂರ್ತಿ ಪಂದ್ಯದ ಮರ್ಯಾದೆ ಸಿಕ್ಕಿತು. ದಾಖಲೆಗಳ ಪುಸ್ತಕ ಇದಕ್ಕೆ ಯಾರಿಗೂ ಕೃತಜ್ಞತೆ ಹೇಳುವುದಿಲ್ಲ.

ಗರುಡಾಚಾರ್ ತೀರಿಕೊಂಡದ್ದು 2016ರಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ. ವಯಸ್ಸಿನ ಪಟ್ಟಿಯಲ್ಲೂ ನೂರಕ್ಕೆ ಒಂದು ಕಡಿಮೆ.

ಮೈಸೂರಿನ ಸೊನ್ನೆಗೆ ಮುಂಬೈ, ಅಂದರೆ ಅಂದಿನ ಬಾಂಬೆ, ಹೆಚ್ಚು ಹೊಣೆ. ಮೈಸೂರು ಎಂಬ ಹೆಸರಿನಲ್ಲಿ ತಂಡ ಎರಡು ಬಾರಿ ಫೈನಲ್ ತಲುಪಿತು, 1941–42ರಲ್ಲಿ ಮತ್ತು 1959–60ರಲ್ಲಿ. ಎರಡೂ ಸಲ ಬಾಂಬೆ ಎದುರಿಗಿತ್ತು, ಎರಡೂ ಸಲ ಇನಿಂಗ್ಸ್ ಸೋಲು. ಮೊದಲನೆಯದರ ಅಂತರ ಒಂದು ಇನಿಂಗ್ಸ್ ಮತ್ತು 281 ರನ್. ಇಲ್ಲಿ ರೈಲಿನಲ್ಲಿ ಸಿಗುವ ಹಳೆಯ ಕ್ರಿಕೆಟ್ ಹುಚ್ಚರ ಜೊತೆ ಮಾತಿಗಿಳಿದರೆ ಆ ಕಾಲದ ದರ್ಪ ಇನ್ನೂ ಕೇಳುತ್ತದೆ. ಅದರಲ್ಲಿ ತಪ್ಪಿಲ್ಲ. 1958–59ರಿಂದ 1972–73ರವರೆಗೆ ಸತತ ಹದಿನೈದು ಸಲ ರಣಜಿ ಗೆದ್ದ ಊರು ಇದು.

ಮೂರನೆಯ ಪಟ್ಟಿ ಆ ಹದಿನೈದರ ಕೊನೆಯದು. 1974ರ ಮಾರ್ಚ್, ಬೆಂಗಳೂರು, ಸೆಮಿಫೈನಲ್. ಕರ್ನಾಟಕ 385: ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆ 307. ಪಂದ್ಯ ಡ್ರಾ, ಆದರೆ ಮೊದಲ ಇನಿಂಗ್ಸಿನ 78 ರನ್ ಮುನ್ನಡೆಯಿಂದ ಕರ್ನಾಟಕ ಫೈನಲ್‌ಗೆ. ಅಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಮೊದಲ ಪ್ರಶಸ್ತಿ.

ಈ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಮೂರು ಸಾಲಿನ ಮೇಲೆ. ‘ಗಾವಸ್ಕರ್ ಬಿ ಪ್ರಸನ್ನ.’ ನೋಡಿದವರು ಅರ್ಧ ಶತಮಾನದಿಂದ ವರ್ಣಿಸುತ್ತಲೇ ಇರುವ ಎಸೆತ ಅದು, ಗಾಳಿಯಲ್ಲಿ ಹೊರಗೆ ತೇಲಿ, ನೆಲಕ್ಕೆ ಬಿದ್ದು ಒಳಗೆ ತಿರುಗಿ ಸ್ಟಂಪ್ ಉರುಳಿಸಿದ್ದು. ಪಟ್ಟಿಯಲ್ಲಿ ಅದಕ್ಕೆ ಸಿಕ್ಕದ್ದು ಒಂದೇ ಅಕ್ಷರ, ‘ಬಿ’. ಎರಡನೆಯದು, ‘ವಾಡೇಕರ್ ರನ್ ಔಟ್ 62.’ ಅಶೋಕ್ ಮಂಕಡ್ ಜೊತೆ ಸೇರಿ ಅಜಿತ್ ವಾಡೇಕರ್ ಬಾಂಬೆಯನ್ನು ದಡ ಸೇರಿಸುತ್ತಿದ್ದರು. ಒಂದು ರನ್ನಿಗೆ ಹೊರಟು, ವಾಪಸ್ ತಿರುಗುವಾಗ ಕಾಲು ಜಾರಿತು. ಹದಿನೈದು ವರ್ಷದ ಸಾಮ್ರಾಜ್ಯ ಎಡವಿದ ಜಾಗ ಅದು. ಕರ್ತೃ ಇಲ್ಲದ ಆ ಸಾಲಿನಲ್ಲಿ ಜಾರಿದ ಕಾಲಿಗೂ ಜಾಗವಿಲ್ಲ.

ಮೂರನೆಯದು ವಿಶ್ವನಾಥ್‌ರ 162. ಮೊದಲ ಚೆಂಡಿಗೇ ಅಬ್ದುಲ್ ಇಸ್ಮಾಯಿಲ್ ಬೌಲಿಂಗಿನಲ್ಲಿ ಎಲ್‌ಬಿಡಬ್ಲ್ಯು ಆಗಿದ್ದರು, ಅಂಪೈರ್ ಕೊಡಲಿಲ್ಲ ಎಂದು ಮುಂಬೈನವರು ಇಂದಿಗೂ ಹೇಳುತ್ತಾರೆ. ಈ ಮಾತು ಎತ್ತಿದರೆ ನಾನು ಸುಮ್ಮನೆ ಕಿಟಕಿಯಾಚೆ ನೋಡುತ್ತೇನೆ. ಕೊಡದ ಔಟಿಗೆ ಪಟ್ಟಿಯಲ್ಲಿ ಸಾಲು ಇರುವುದಿಲ್ಲ. ಸೋತವರು ಮಾತ್ರ ಅದನ್ನು ಬಾಯಲ್ಲಿ ಉಳಿಸಿಕೊಳ್ಳುತ್ತಾರೆ. 1941ರಿಂದ 1973ರವರೆಗೆ ಮೈಸೂರಿನವರೂ ಹೀಗೇ ಏನೇನನ್ನೋ ಉಳಿಸಿಕೊಂಡಿರಬೇಕು.

ಪಟ್ಟಿ ಹೇಳದ್ದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆಯೂ ಈ ಎರಡು ಊರುಗಳ ನಡುವಿನದೇ. 1981–82ರ ಸೆಮಿಫೈನಲ್, ಬೆಂಗಳೂರು. ಎಡಗೈ ಸ್ಪಿನ್ನರ್ ರಘುರಾಮ ಭಟ್ ಮೊದಲ ಇನಿಂಗ್ಸಿನಲ್ಲಿ ಹ್ಯಾಟ್ರಿಕ್ ಸೇರಿ 8 ವಿಕೆಟ್ ಕಿತ್ತಿದ್ದರು. ಎರಡನೆಯ ಇನಿಂಗ್ಸಿನಲ್ಲಿ ಚೆಂಡು ಹಾವಿನಂತೆ ತಿರುಗುತ್ತಿದ್ದಾಗ, ಭಟ್ ಎಸೆತಗಳಿಗೆ ಸುನಿಲ್ ಗಾವಸ್ಕರ್ ಎಡಗೈ ಆಟಗಾರನಂತೆ ನಿಂತು ಬ್ಯಾಟ್ ಮಾಡಿದರು. ಪಟ್ಟಿ ಹೇಳುವುದಿಷ್ಟು: ಗಾವಸ್ಕರ್ ಔಟಾಗದೆ 18. ಯಾವ ಕೈ ಎಂದು ಅಲ್ಲಿ ಬರೆದಿಲ್ಲ. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕರ್ನಾಟಕವೇ ಫೈನಲ್‌ಗೆ ಹೋಯಿತು, ಹೋಗಿ ಡೆಲ್ಲಿ ಎದುರು 705 ರನ್ ಹೊಡೆದೂ ಸೋತಿತು. ಡೆಲ್ಲಿ 8 ವಿಕೆಟ್‌ಗೆ 707 ಮಾಡಿ ಪ್ರಶಸ್ತಿ ಒಯ್ದಿತು. ಅದು ಬೇರೆಯದೇ ಸಂಕಟ, ಇಲ್ಲಿ ಬೇಡ.

ಮತ್ತೆ ನನ್ನ ಚೌಕಕ್ಕೆ. 1973ರ ನವೆಂಬರ್ 1ರಂದು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಕೆಲವೇ ತಿಂಗಳಲ್ಲಿ, ಹೊಸ ಹೆಸರಿನ ಮೊದಲ ಋತುವಿನಲ್ಲೇ, ತಂಡ ರಣಜಿ ಗೆದ್ದಿತು. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಗೆರೆ ಬಹಳ ಚೊಕ್ಕಟವಾಗಿ ಬಿತ್ತು. ಎಲ್ಲ ಸೋಲು ಮೈಸೂರಿಗೆ, ಎಲ್ಲ ಪ್ರಶಸ್ತಿ ಕರ್ನಾಟಕಕ್ಕೆ. ಆದರೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಹಿಂದಿನ ಋತುಗಳಲ್ಲಿ ಮೈಸೂರಿನ ಪರ ಆಡಿದವರೇ. ವಿಶ್ವನಾಥ್ ತಮ್ಮ ಮೊದಲ ರಣಜಿ ಪಂದ್ಯದಲ್ಲೇ, 1967ರಲ್ಲಿ ಆಂಧ್ರದ ವಿರುದ್ಧ, 230 ಹೊಡೆದದ್ದು ಮೈಸೂರಿಗೆ. ಮನುಷ್ಯರು ಅವರೇ, ಸಂಸ್ಥೆ ಅದೇ, ಮೈದಾನವೂ ಬೆಂಗಳೂರಿನದೇ. ಇಷ್ಟು ನೋಡಿದರೆ ‘ಹೌದು, ಒಂದೇ ತಂಡ’ ಎಂದು ತುಂಬಿ ಮುಂದೆ ಹೋಗಬಹುದಿತ್ತು.

ಕೈ ತಡೆದದ್ದು 1934ರ ನಕ್ಷೆ. ಅಂದಿನ ಮೈಸೂರು ಒಡೆಯರ ಸಂಸ್ಥಾನ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಚೆಪಾಕಿನ ಸುದ್ದಿ ಪತ್ರಿಕೆಯಲ್ಲಿ ಓದಿದ ಮಂಗಳೂರಿನ ಹುಡುಗನೊಬ್ಬನಿಗೆ ಅವತ್ತು ಗೆದ್ದದ್ದು ತನ್ನ ಪ್ರಾಂತ್ಯದ ತಂಡ. ಧಾರವಾಡ, ಬೆಳಗಾವಿ, ಕಾರವಾರ ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದವು. ಕಲಬುರಗಿ, ಬೀದರ್ ನಿಜಾಮರ ಹೈದರಾಬಾದಿನಲ್ಲಿದ್ದವು. ಇವೆಲ್ಲ ಸೇರಿದ್ದು 1956ರಲ್ಲಿ. ಸೇರಿದ ಮೇಲೂ ಹೆಸರು ಹದಿನೇಳು ವರ್ಷ ಮೈಸೂರೇ ಆಗಿತ್ತು, ಅದು ತಮ್ಮ ಹೆಸರಲ್ಲ ಎಂದು ಉತ್ತರದವರು ಆಡಿದ ಮಾತು ಹೆಸರು ಬದಲಾಗುವವರೆಗೂ ನಿಲ್ಲಲಿಲ್ಲ. 48ಕ್ಕೆ ಆಲೌಟಾದ ತಂಡ ಕರ್ನಾಟಕದ ತಂಡ ಎಂದರೆ ಧಾರವಾಡದವರು ಅದನ್ನು ಒಪ್ಪಬೇಕಾಗಿಲ್ಲ. ಅಲ್ಲ ಎಂದರೆ ಗರುಡಾಚಾರ್ ಯಾರ ತಂಡದವರೂ ಅಲ್ಲದೆ ಹೋಗುತ್ತಾರೆ.

ಬೇರೆ ತಂಡಗಳಿಗೆ ಏನು ಮಾಡಿದ್ದಾರೆ ಎಂದು ಹಾಳೆಯಲ್ಲೇ ನೋಡಿದೆ. ಒಂದು ನಿಯಮ ಅಂತ ಇಲ್ಲ. ಮದ್ರಾಸ್ 1954–55ರಲ್ಲಿ ಗೆದ್ದದ್ದನ್ನೂ ತಮಿಳುನಾಡು 1987–88ರಲ್ಲಿ ಗೆದ್ದದ್ದನ್ನೂ ಕೂಡಿಸಿ ಎರಡು ಎಂದಿದೆ. ಬಾಂಬೆಯ ಲೆಕ್ಕವೆಲ್ಲ ಮುಂಬೈಗೆ ಸೇರಿದೆ. ಗೆದ್ದವರ ಹೆಸರು ಬದಲಾದರೆ ಕೂಡಿಸುವುದು ಸುಲಭ, ಕೂಡಿಸಲು ಏನೋ ಇರುತ್ತದೆ. ಆದರೆ ನಾಲ್ಕು ಸಲ ಗೆದ್ದ ಹೋಳ್ಕರ್ ಪ್ರತ್ಯೇಕ ಸಾಲು. 2022ರಲ್ಲಿ ಬೆಂಗಳೂರಿನಲ್ಲಿ ಮುಂಬೈಯನ್ನು ಸೋಲಿಸಿದ ಮಧ್ಯಪ್ರದೇಶಕ್ಕೆ ಅದು ‘ಮೊದಲ’ ಪ್ರಶಸ್ತಿ. 912 ಹೊಡೆದ ತಂಡ ಯಾವ ತಂಡದ ಲೆಕ್ಕಕ್ಕೂ ಸೇರದೆ ಹಾಗೇ ನಿಂತಿದೆ. ಇಂದೋರಿನ ಆ ಪಟ್ಟಿಯಲ್ಲಿ ಎದುರುಬದುರಾದ ಎರಡೂ ಹೆಸರು ಇವತ್ತು ರಣಜಿಯಲ್ಲಿಲ್ಲ.

ಮಹಾರಾಷ್ಟ್ರದಲ್ಲಿ ಮದುವೆಯ ದಿನ ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಮನೆತನದ ಹೆಸರಷ್ಟೇ ಅಲ್ಲ, ಕರೆಯುವ ಹೆಸರೇ ಬೇರೆಯಾಗುತ್ತದೆ. ನಮ್ಮ ಕಟ್ಟಡದಲ್ಲೇ ಅಂಥ ಇಬ್ಬರು ಕಾಕುಗಳಿದ್ದಾರೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಬ್ಯಾಂಕಿನವರು ಕೇಳಿದಾಗ ಅಫಿಡವಿಟ್ ಮಾಡಿಸುತ್ತಾರೆ: ಈ ಎರಡೂ ಹೆಸರು ಒಬ್ಬಳೇ ವ್ಯಕ್ತಿಯವು. ಆ ಕಾಗದ ಯಾವ ಹೆಸರನ್ನೂ ಅಳಿಸುವುದಿಲ್ಲ, ಎರಡನ್ನೂ ಒಂದೇ ಹಾಳೆಯಲ್ಲಿ ಕೂರಿಸುತ್ತದೆ. ನನಗೆ ಬೇಕಾಗಿದ್ದದ್ದು ಅದೇ, ಆದರೆ ಚೌಕದಲ್ಲಿ ಹೌದು, ಅಲ್ಲ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಕೊನೆಗೆ ಚೌಕ ಖಾಲಿ ಬಿಟ್ಟು ಇಮೇಲ್ ಬರೆದೆ. ಎರಡು ಸಾಲು ಹಾಗೇ ಇರಲಿ, ಮೈಸೂರಿನ ಕೆಳಗೆ ‘1973–74ರಿಂದ ಕರ್ನಾಟಕ’ ಎಂದೂ ಕರ್ನಾಟಕದ ಕೆಳಗೆ ‘1972–73ರವರೆಗೆ ಮೈಸೂರು’ ಎಂದೂ ಒಂದೊಂದು ಟಿಪ್ಪಣಿ ಹಾಕಿ, ಒತ್ತಿದರೆ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹೋಗುವಂತಿರಲಿ ಎಂದು. ಅವರು ಮೂರು ದಿನ ಬಿಟ್ಟು ಉತ್ತರಿಸಿದರು. ಟಿಪ್ಪಣಿಗೆ ಇಪ್ಪತ್ತು ಅಕ್ಷರದ ಮಿತಿ ಇದೆಯಂತೆ, ಅಷ್ಟರೊಳಗೆ ಹಿಡಿಸಿದರೆ ಹಾಕಬಹುದಂತೆ. ಎಣಿಸಿ ಹಿಡಿಸಿದೆ.

ಅದೇ ಇಮೇಲಿನಲ್ಲಿ ಇನ್ನೊಂದು ಮಾತೂ ಬರೆದಿದ್ದೆ. ‘ಅತಿ ಹೆಚ್ಚು ರನ್ ಕೊಟ್ಟವರು’ ಪುಟದಲ್ಲಿ ಗರುಡಾಚಾರ್ ಹೆಸರಿನ ಮುಂದೆ 301ರ ಜೊತೆ ಅದೇ ಪಂದ್ಯದ 164ನ್ನೂ ಕಾಣಿಸಲು ಆಗುತ್ತದೆಯೇ ಎಂದು. ಅದು ಬೌಲಿಂಗ್ ಪುಟ, ಬ್ಯಾಟಿಂಗ್ ಅಂಕಿಗೆ ಅಲ್ಲಿ ಕಾಲಂ ಇಲ್ಲ ಎಂದರು.